ಮೀಟರ್‌ನಲ್ಲಿ 190 ಗಂಟೆ, ಎಂಜಿನ್ ಕಂಪ್ಯೂಟರ್‌ನಲ್ಲಿ 431: ಇದನ್ನು ಸುಳ್ಳು ಅನ್ನಬೇಕೋ ಬೇಡವೋ?

ಜೋಡಿ ಎಂಜಿನ್

ಮೂರು ವಾರದಿಂದ ಮನಸ್ಸಿಗೆ ಸಮಾಧಾನವಿಲ್ಲ. ತಿಳಿದವರು ದಾರಿ ಹೇಳಿ.

525 ಎಚ್‌ಪಿಯ ಎರಡು ಇಎಫ್‌ಐ (ಕಂಪ್ಯೂಟರ್ ಇಂಧನ ಚಿಮ್ಮಿಸುವ) ಎಂಜಿನ್ ಇರುವ ಹಳೆಯ ಸ್ಪೀಡ್ ಬೋಟ್ ಒಂದನ್ನು ಬ್ರೋಕರ್ ಮೂಲಕ ಕೊಂಡೆ. ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಡ್ಯಾಶ್‌ಬೋರ್ಡಿನ ಗಂಟೆ ಮೀಟರ್‌ಗಳಲ್ಲಿ ಎಡಕ್ಕೆ 190, ಬಲಕ್ಕೆ 187 ಇತ್ತು. ಜಾಹೀರಾತಿನಲ್ಲೂ '190 ಗಂಟೆ' ಎಂದೇ ಇತ್ತು. ಮೊದಲ ಸರ್ವೀಸ್‌ಗೆ ಬಿಟ್ಟಾಗ ಮೆಕ್ಯಾನಿಕ್ ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ ಕಂಪ್ಯೂಟರ್ ಓದಿದರು. ಎಡಕ್ಕೆ 431, ಬಲಕ್ಕೆ 429.

ಬ್ರೋಕರ್‌ಗೆ ಫೋನ್ ಮಾಡಿದೆ. 'ಮೀಟರ್ ಏನು ತೋರಿಸುತ್ತಿತ್ತೋ ಅದನ್ನೇ ಬರೆದಿದ್ದೆ, ನೀವೂ ಕಣ್ಣಾರೆ ನೋಡಿದ್ದಿರಿ' ಅಂದರು. ಮಾತಿನಲ್ಲಿ ತಪ್ಪಿಲ್ಲ. ಆದರೆ ಕೊಳ್ಳುವ ಮೊದಲು 'ಇದು ನಿಜವಾದ ಗಂಟೆಯೇ?' ಎಂದು ನಾನು ಬಾಯಿಬಿಟ್ಟು ಕೇಳಿದ್ದೆ. ಆಗ ಅವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ, 'ನಿಮ್ಮೆದುರಿಗೇ ಇದೆಯಲ್ಲ' ಅಂದಿದ್ದರು. ಆ ಮಾತನ್ನು ಈಗ ನೆನೆದರೆ ನಿದ್ದೆ ಬರುವುದಿಲ್ಲ.

ನನ್ನ ತಪ್ಪನ್ನೂ ಹೇಳುತ್ತೇನೆ. ಬೋಟ್ ಪರೀಕ್ಷಿಸುವ ಸರ್ವೇಯರ್ ಕರೆಸಲಿಲ್ಲ. ಆ ಮನುಷ್ಯ ಅಷ್ಟು ಆತ್ಮೀಯವಾಗಿ ಮಾತನಾಡಿದ್ದರಿಂದ, ಕರೆಸಿದರೆ ಅವರನ್ನು ಅನುಮಾನಿಸಿದಂತಾಗುತ್ತದೆ ಎಂದು ಸುಮ್ಮನಾದೆ.

ಈಗ ಏನು ಮಾಡಲಿ?

ಗ್ರೀಸ್ ಕೈ

ಸರ್, ಮೊದಲು ಜಗಳ ಬೇಡ, ಲೆಕ್ಕ ನೋಡೋಣ. 431ರಿಂದ 190 ಕಳೆದರೆ 241. 429ರಿಂದ 187 ಕಳೆದರೆ 242. ಎರಡೂ ಕಡೆ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ. ಅಂದರೆ ಎರಡೂ ಮೀಟರ್‌ಗಳನ್ನು ಒಂದೇ ದಿನ ಬದಲಿಸಿ, ಸೊನ್ನೆಯಿಂದ ಶುರು ಮಾಡಿದ್ದಾರೆ. ನೀರು ಸೇರಿಯೋ, ವೈರಿಂಗ್ ಸುಟ್ಟೋ, ಅಂದಕ್ಕೆಂದೋ ಡ್ಯಾಶ್‌ಬೋರ್ಡ್ ಪೂರ್ತಿ ಬದಲಿಸುವುದು ಈ ಬೋಟ್‌ಗಳಲ್ಲಿ ಅಪರೂಪವಲ್ಲ. ಬದಲಿಸಿದ್ದು ಮೋಸವಲ್ಲ. ಬದಲಿಸಿದ ದಿನ, ಆಗಿನ ಗಂಟೆ ಎರಡನ್ನೂ ಬರೆದಿಡದೇ ಹೋದದ್ದು ತಪ್ಪು. ಗೊತ್ತಿದ್ದೂ ಹೇಳದೇ ಇದ್ದದ್ದು ಮೋಸ. ಇಲ್ಲಿ ಯಾವುದು ನಡೆದಿದೆ ಎಂದು ಇನ್ನೂ ನಿಮಗೆ ಗೊತ್ತಿಲ್ಲ.

ಎರಡನೆಯ ಮಾತು. ಬರೀ ಗಂಟೆ ನೋಡಿ ಎಂಜಿನ್ ಅಳೆಯಬೇಡಿ. ಅದೇ ಕಂಪ್ಯೂಟರ್‌ನಲ್ಲಿ ಎಷ್ಟು ಗಂಟೆ ಯಾವ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತು) ಓಡಿದೆ ಎಂಬ ದಾಖಲೆಯೂ ಇರುತ್ತದೆ. 3500ರಲ್ಲಿ ನೆಮ್ಮದಿಯಾಗಿ ಓಡಿದ 430 ಗಂಟೆ, ಲಿಮಿಟರ್‌ಗೆ (ಆರ್‌ಪಿಎಂ ಮಿತಿ ಮೀರದಂತೆ ತಡೆಯುವುದು) ಬಡಿಸುತ್ತಾ ಓಡಿಸಿದ 190 ಗಂಟೆಗಿಂತ ಎಷ್ಟೋ ಮೇಲು. ಆ ಪಟ್ಟಿಯ ಪ್ರಿಂಟ್ ತೆಗೆಸಿ. ಜೊತೆಗೆ ಲೀಕ್‌ಡೌನ್ ಪರೀಕ್ಷೆ ಮಾಡಿಸಿ. ಪಿಸ್ಟನ್ ಮೇಲಿದ್ದಾಗ ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು. ಎಷ್ಟು ಎನ್ನುವುದರಷ್ಟೇ ಎಲ್ಲಿ ಎನ್ನುವುದೂ ಮುಖ್ಯ. ಎಕ್ಸಾಸ್ಟ್‌ನಲ್ಲಿ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಕಡೆ ಕೇಳಿದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ರಿಂಗ್.

ಡ್ರೈವ್‌ಗಳ (ಎಂಜಿನ್ ಶಕ್ತಿಯನ್ನು ಪ್ರೊಪೆಲ್ಲರ್‌ಗೆ ಮುಟ್ಟಿಸುವ ಭಾಗ) ಗೇರ್ ಆಯಿಲ್ ಇಳಿಸುವಾಗ ನೀವೂ ಹತ್ತಿರ ನಿಲ್ಲಿ. ಆಯಸ್ಕಾಂತದ ಪ್ಲಗ್‌ಗೆ ಅಂಟಿದ ನುಣುಪಾದ ಬೂದು ಪೇಸ್ಟ್‌ಗೆ ಹೆದರಬೇಡಿ. ಚೂರು, ಸಿಬಿರು ಸಿಕ್ಕರೆ ನೀರಿಗೆ ಇಳಿಸಬೇಡಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿದೆ ಅಂತ.

ಅಲೆ ಸೀಳು

ಆ ಬ್ರೋಕರ್ ಹೆಸರು ಹಾಕಿ. ಬೇರೆಯವರಾದರೂ ಉಳಿಯಲಿ.

ಜೋಡಿ ಎಂಜಿನ್

ಸದ್ಯ ಹಾಕುವುದಿಲ್ಲ. ಅವರ ಉತ್ತರ ಪೂರ್ತಿ ಸಿಕ್ಕಿಲ್ಲ. ಒಂದೇ ಕಡೆಯ ಕಥೆ ಕೇಳಿ ಒಬ್ಬರ ಹೊಟ್ಟೆಪಾಡಿಗೆ ಕಲ್ಲು ಹಾಕುವಷ್ಟು ನನಗಿನ್ನೂ ಖಾತ್ರಿಯಿಲ್ಲ.

ಗ್ರೀಸ್ ಕೈ ಅಣ್ಣ, 241ರ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ನಾಳೆಯೇ ಪ್ರಿಂಟ್ ಕೇಳುತ್ತೇನೆ.

ಹಿಂದೆ ಬ್ರೋಕರ್

ಹನ್ನೆರಡು ವರ್ಷ ಈ ಕೆಲಸ ಮಾಡಿ ಬಿಟ್ಟವನು ನಾನು. ನಮ್ಮ ಕಸುಬಿನ ಒಳಗಿನ ಮಾತನ್ನು ಹೇಳಬೇಕು.

ಬ್ರೋಕರ್‌ಗೆ ಕಮಿಷನ್ ಕೊಡುವವನು ಮಾರುವವನು, ಅದೂ ವ್ಯಾಪಾರ ಮುಗಿದರೆ ಮಾತ್ರ. ಆತ ಎಷ್ಟೇ ಒಳ್ಳೆಯ ಮನುಷ್ಯನಾದರೂ ತಕ್ಕಡಿಯ ಆ ಕಡೆಗೆ ತೂಕ ಇದ್ದೇ ಇರುತ್ತದೆ. ಹಾಗಾಗಿ ಬ್ರೋಕರ್ 'ನಮ್ಮವರೇ ಒಬ್ಬ ಸರ್ವೇಯರ್ ಇದ್ದಾರೆ' ಅಂದರೆ ನಮಸ್ಕಾರ ಹೇಳಿ, ನಿಮ್ಮ ಹಣದಲ್ಲಿ ನೀವೇ ಹುಡುಕಿದವರನ್ನು ಕರೆಸಿ. ಸರಿಯಾದ ಬ್ರೋಕರ್‌ಗೆ ಅದರಿಂದ ಬೇಸರವಾಗುವುದಿಲ್ಲ. ನನಗೆ ಯಾವತ್ತೂ ಆಗಲಿಲ್ಲ. ಸರ್ವೇ ಆದ ಬೋಟಿನ ಬಗ್ಗೆ ಆಮೇಲೆ ದೂರು ಬರುವುದು ಕಡಿಮೆ, ನನಗೂ ನಿದ್ದೆ.

'ಮೀಟರ್‌ನಲ್ಲಿ ಇದ್ದದ್ದನ್ನು ಬರೆದೆ' ಎಂಬ ಉತ್ತರವನ್ನು ನಾನೂ ಒಮ್ಮೆ ಕೊಟ್ಟಿದ್ದೇನೆ. ಟ್ರಾನ್ಸಮ್‌ನಲ್ಲಿ (ಬೋಟಿನ ಹಿಂಬದಿಯ ಗೋಡೆ) ತೇವ ಇದೆ ಎಂದು ಮಾಲೀಕ ಬಾಯಿಮಾತಿನಲ್ಲಿ ಹೇಳಿದ್ದ. ಕೊಳ್ಳುವವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರು ಮೇಲಿನ ಪದರ ಬಿಚ್ಚಿಸಿದಾಗ ಒಳಗಿನ ಮರ ಕೈಯಲ್ಲಿ ಹಿಂಡಿದರೆ ನೀರು ಬರುವಂತಿತ್ತು. ಕಾನೂನಿನಲ್ಲಿ ನನಗೆ ಏನೂ ಆಗಲಿಲ್ಲ. ಆ ಮನೆಯವರ ಮುಖ ಇವತ್ತಿಗೂ ಕಣ್ಣ ಮುಂದಿದೆ. ನಿಮ್ಮ ಬ್ರೋಕರ್‌ಗೆ ಒಂದೇ ಪ್ರಶ್ನೆಯನ್ನು ಬರಹದಲ್ಲಿ ಕಳಿಸಿ: 'ಮೀಟರ್ ಬದಲಾದ ವಿಷಯ ಮಾರಾಟಕ್ಕೆ ಮುಂಚೆ ನಿಮಗೆ ಗೊತ್ತಿತ್ತೇ?' ಫೋನ್‌ನಲ್ಲಿ ಬೇಡ. ಹಳೆಯ ಮಾಲೀಕರಿಗೂ ಅದನ್ನೇ ಕಳಿಸಿ.

ದಡದ ವರ್ಕ್‌ಶಾಪ್

ವರ್ಕ್‌ಶಾಪ್ ನಡೆಸುವ ಹೆಂಗಸು ನಾನು. ಗಿರಾಕಿಗೆ ಮೋಸವಾದ ಕಥೆಗಳನ್ನು ಎಲ್ಲರೂ ಹೇಳುತ್ತಾರೆ. ಗಿರಾಕಿ ನಮಗೆ ಹೇಳುವ ಸುಳ್ಳಿನ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಬ್ಬರು ಎಂಜಿನ್ ತಂದರು. 'ನಿಧಾನಕ್ಕೆ ಹೋಗುತ್ತಿದ್ದೆ, ತಾನಾಗಿ ಬಿಸಿಯಾಗಿ ನಿಂತಿತು, ಹೋದ ತಿಂಗಳು ನೀವೇ ಪಂಪ್ ಬದಲಿಸಿದ್ದು' ಅಂದರು. ಪಂಪ್ ಬಿಚ್ಚಿದೆವು. ಎಂಜಿನ್ ತಂಪಾಗಿಸಲು ನೀರೆಳೆಯುವ ಹೊಸ ಇಂಪೆಲ್ಲರ್‌ನ ರಬ್ಬರ್ ರೆಕ್ಕೆಗಳು ಸವೆದಿವೆ, ಪಂಪಿನ ಕವಚದ ಒಳಗೋಡೆಯಲ್ಲಿ ಗೀರು, ಮೂಲೆಯಲ್ಲಿ ಮರಳು. ಕಂಪ್ಯೂಟರ್‌ನಲ್ಲಿ ಬಿಸಿಯ ಎಚ್ಚರಿಕೆ ಮೂರು ಸಲ ದಾಖಲಾಗಿದೆ. ಬೋಟನ್ನು ಮರಳಿನ ದಂಡೆಗೆ ಏರಿಸಿ, ಎಂಜಿನ್ ಚಾಲೂ ಇಟ್ಟೇ ಹಿಂದಕ್ಕೆ ತೆಗೆದಿದ್ದಾರೆ. ಅಲಾರಂ ಕೂಗಿದರೂ ಓಡಿಸಿದ್ದಾರೆ. ಎಲ್ಲವನ್ನೂ ಮೇಜಿನ ಮೇಲೆ ಇಟ್ಟು ತೋರಿಸಿದೆ. ಒಪ್ಪಲಿಲ್ಲ. ಊರೆಲ್ಲ ನಮ್ಮ ಹೆಸರು ಕೆಡಿಸಿದರು.

ನಿಜ ಹೇಳಿದ್ದರೆ ನಾನೇನೂ ಬೈಯುತ್ತಿರಲಿಲ್ಲ. ಡಾಕ್ಟರ್ ಹತ್ತಿರ ಹೋಗಿ ನೋವು ಹೊಟ್ಟೆಯಲ್ಲಿದ್ದರೆ ಮೊಣಕಾಲು ತೋರಿಸುತ್ತೇವೆಯೇ? ಅಲೆ ಹಾರಿದಾಗ ಪ್ರೊಪೆಲ್ಲರ್ ನೀರಿನಿಂದ ಎದ್ದು ಆರ್‌ಪಿಎಂ ಏರಿತು ಅಂದರೆ ನಾನು ಮೊದಲು ಡ್ರೈವ್‌ನ ಗೇರ್ ಹಲ್ಲು ನೋಡುತ್ತೇನೆ. ಯಾಕೆಂದರೆ ಮತ್ತೆ ನೀರಿಗೆ ಬಿದ್ದಾಗ ಪೆಟ್ಟು ತಿನ್ನುವುದು ಅದೇ. ವೇಗದಲ್ಲಿದ್ದಾಗ ಥ್ರಾಟಲ್ ಒಮ್ಮೆಲೇ ಹಿಂದಕ್ಕೆಳೆದು ವೇಗ ಇಳಿಸಿದೆ ಅಂದರೆ ಹಿಂದಿನ ಅಲೆ ಬಂದು ಎಕ್ಸಾಸ್ಟ್‌ನಿಂದ ನೀರು ಒಳಗೆ ಹೋಗಿರಬಹುದು ಎಂದು ಅಲ್ಲಿಂದ ಶುರು ಮಾಡುತ್ತೇನೆ. ಮುಚ್ಚಿಟ್ಟರೆ ಎರಡು ದಿನದ ಕೂಲಿ ಹುಡುಕಾಟಕ್ಕೇ ಹೋಗುತ್ತದೆ, ಆ ಕೂಲಿಯನ್ನು ಕೊಡುವವರೂ ನೀವೇ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ಎರಡು ಡ್ರೈವ್‌ಗಳನ್ನು ಜೋಡಿಸುವ ಟೈ ಬಾರ್ ಬಿಚ್ಚಿ ಹಾಕಿದ ಕೆಲಸ. ಬೋಲ್ಟ್ ಅನ್ನು ಅಳತೆಯ ಬಿಗಿಗೆ ಟಾರ್ಕ್ ಮಾಡಿದ ಮೇಲೆ ಅದರ ಮೇಲೆ ಹಳದಿ ಬಣ್ಣದ ಗೀಟು ಎಳೆದು ಫೋಟೋ ತೆಗೆಯುವುದು ನಮ್ಮ ಪದ್ಧತಿ. ಬೋಟ್ ಹೋದ ಮೇಲೆ ರಾತ್ರಿ ಫೋಟೋ ನೋಡುತ್ತಿದ್ದೆ. ನಾಲ್ಕರಲ್ಲಿ ಒಂದಕ್ಕೆ ಗೀಟಿಲ್ಲ. ಹುಡುಗನನ್ನು ಕೇಳಿದೆ, ನೆನಪಿಲ್ಲ ಅಂದ. ರಾತ್ರಿಯೇ ಗಿರಾಕಿಗೆ ಫೋನ್ ಮಾಡಿದೆ. 'ನಾಳೆ ಬೆಳಗ್ಗೆ ಬೋಟ್ ಇಳಿಸಬೇಡಿ. ನಮ್ಮಿಂದ ತಪ್ಪಾಗಿರಬಹುದು, ನಾನೇ ಬರುತ್ತೇನೆ' ಅಂದೆ. ಹೋಗಿ ನೋಡಿದರೆ ಆ ಬೋಲ್ಟ್ ಕೈಯಲ್ಲಿ ತಿರುಗುತ್ತಿತ್ತು. ಗಂಟೆಗೆ 80 ಮೈಲಿಯಲ್ಲಿ ಅದು ಕಳಚಿದ್ದರೆ ಏನಾಗುತ್ತಿತ್ತು ಎಂದು ಬರೆಯಲು ಕೈ ಬರುವುದಿಲ್ಲ. ಆ ಗಿರಾಕಿ ಇವತ್ತಿಗೂ ನಮ್ಮಲ್ಲಿಗೇ ಬರುತ್ತಾರೆ.

ಗ್ರೀಸ್ ಕೈ

ಮೇಡಂ, ಆ ರಾತ್ರಿಯ ಫೋನ್ ಕರೆ ಮಾಡಲು ಎಷ್ಟು ಧೈರ್ಯ ಬೇಕು ಎಂದು ಈ ಕೆಲಸ ಮಾಡುವವರಿಗೆ ಗೊತ್ತು. ಕೈ ಮುಗಿದೆ.

ಹಳೆಯ ಭಾಗಗಳನ್ನು ಕವರ್‌ನಲ್ಲಿ ಹಾಕಿ ವಾಪಸ್ ಕೊಡುವ ಅಭ್ಯಾಸವನ್ನೂ ಎಲ್ಲ ವರ್ಕ್‌ಶಾಪ್‌ಗಳು ಇಟ್ಟುಕೊಳ್ಳಬೇಕು. ಬಿಲ್‌ನಲ್ಲಿ 'ಇಂಪೆಲ್ಲರ್ ಬದಲಿಸಿದೆ' ಎಂದು ಬರೆಯುವುದಕ್ಕೆ ಒಂದು ಸಾಲು ಸಾಕು. ಸವೆದ ಇಂಪೆಲ್ಲರ್ ಕೈಗಿತ್ತರೆ ಮಾತು ಬೇಕಾಗುವುದಿಲ್ಲ.

ಪಿಚ್ 28

ವಿಷಯಕ್ಕೆ ಸ್ವಲ್ಪ ಪಕ್ಕದ್ದು, ಆದರೂ ಕೇಳುತ್ತೇನೆ. ಆ ಜಾಹೀರಾತಿನಲ್ಲಿ ವೇಗ ಎಷ್ಟು ಎಂದು ಹಾಕಿದ್ದರು?

ಜೋಡಿ ಎಂಜಿನ್

'ಜಿಪಿಎಸ್‌ನಲ್ಲಿ 100 ಮೈಲಿ' ಎಂದಿತ್ತು. ನನಗೆ 81ಕ್ಕಿಂತ ಮೇಲೆ ಹೋಗಿಲ್ಲ. ನನ್ನ ಓಡಿಸುವಿಕೆಯೇ ಸರಿಯಿಲ್ಲ ಅಂದುಕೊಂಡಿದ್ದೆ. ಪ್ರೊಪೆಲ್ಲರ್ 28 ಪಿಚ್ (ಜಾರದಿದ್ದರೆ ಒಂದು ಸುತ್ತಿಗೆ 28 ಇಂಚು ಮುಂದೆ), ಡ್ರೈವ್ ಅನುಪಾತ 1.5 (ಎಂಜಿನ್‌ನ ಒಂದೂವರೆ ಸುತ್ತಿಗೆ ಪ್ರೊಪೆಲ್ಲರ್ ಒಂದು ಸುತ್ತು), ಪೂರ್ತಿ ಥ್ರಾಟಲ್‌ನಲ್ಲಿ 5200 ಆರ್‌ಪಿಎಂ.

ಪಿಚ್ 28

ಓಡಿಸುವಿಕೆ ಸರಿಯಾಗಿಯೇ ಇದೆ. ಕಾಗದ ತೆಗೆದುಕೊಳ್ಳಿ. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ: 5200 ಸಲ 28 ಅಂದರೆ 1,45,600. ಅನುಪಾತ 1.5ನ್ನು 1056ರಿಂದ ಗುಣಿಸಿ: 1584. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 91.9. ಒಂದು ಮೈಲಿಯಲ್ಲಿರುವ ಇಂಚುಗಳನ್ನು 60ರಿಂದ ಭಾಗಿಸಿದರೆ ಬರುವುದೇ ಈ 1056. ಪ್ರೊಪೆಲ್ಲರ್ ನೀರಿನಲ್ಲಿ ಒಂದಿಷ್ಟೂ ಜಾರದೆ, ಮರಕ್ಕೆ ಸ್ಕ್ರೂ ಹೋದಂತೆ ಹೋದರೆ ಸಿಗುವ ವೇಗ 91.9. ನೀರಿನಲ್ಲಿ ಜಾರದ ಪ್ರೊಪೆಲ್ಲರ್ ಇಲ್ಲ. 10ರಿಂದ 12 ಶೇಕಡಾ ಜಾರಿತು ಅಂದುಕೊಂಡರೆ 81ರಿಂದ 83. ನಿಮಗೆ ಸಿಕ್ಕಿದ್ದು ಅದೇ.

ಆ ಪ್ರೊಪೆಲ್ಲರ್, ಆ ಅನುಪಾತ, ಆ ಆರ್‌ಪಿಎಂನಲ್ಲಿ 100 ಆಗುವ ಮಾತೇ ಇಲ್ಲ. ಇದನ್ನು ಕಂಡುಹಿಡಿಯಲು ಬೋಟ್ ನೀರಿಗೆ ಇಳಿಸಬೇಕಾಗಿಯೂ ಇರಲಿಲ್ಲ. ಕೊಳ್ಳುವ ಪ್ರತಿಯೊಬ್ಬರೂ ಈ ಮೂರು ಅಂಕಿಗಳನ್ನು ಕೇಳಬೇಕು ಎಂದು ನನಗೆ ತುಂಬ ಅನ್ನಿಸುತ್ತದೆ. 100 ಎಂದು ಬರೆದವರು ಆ ಅಂಕಿಗಳನ್ನು ಕೊಡಲು ತಡವರಿಸಿದರೆ ಉಳಿದ ಮಾತುಗಳನ್ನೂ ಒಮ್ಮೆ ತಟ್ಟಿ ನೋಡಿ.

ನಿಧಾನ ವಿತರಣೆ

ಹಾಗೇ ಎಂಜಿನ್ ಬಿಲ್ಡರ್‌ಗಳು ಕೊಡುವ ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಕಾಗದವನ್ನೂ ನೋಡಿ. ಮೂಲೆಯಲ್ಲಿ ಯಾವ ತಿದ್ದುಪಡಿ ಎಂದು ಬರೆದಿರುತ್ತದೆ. ಎಸ್‌ಎಇ ಜೆ1349 ಎಂದರೆ 25 ಡಿಗ್ರಿ ಸೆಲ್ಸಿಯಸ್‌ನ ಗಾಳಿಗೆ ಹೊಂದಿಸಿದ್ದು. ಎಸ್‌ಟಿಪಿ ಎಂದಿದ್ದರೆ ಹಳೆಯ ಲೆಕ್ಕ, ಸುಮಾರು 15.5 ಡಿಗ್ರಿಯ ತಂಪು ಗಾಳಿಗೆ ಹೊಂದಿಸಿದ್ದು. ಅದೇ ಎಂಜಿನ್, ಅದೇ ದಿನ, ಎರಡನೆಯದರಲ್ಲಿ ಸುಮಾರು 4 ಶೇಕಡಾ ಹೆಚ್ಚು ತೋರಿಸುತ್ತದೆ. 700 ಎಚ್‌ಪಿಗೆ 28. ಸುಳ್ಳಲ್ಲ, ಆದರೆ ಒಬ್ಬರ ಎಸ್‌ಟಿಪಿಯನ್ನು ಇನ್ನೊಬ್ಬರ ಜೆ1349 ಪಕ್ಕ ಇಟ್ಟು ಹೋಲಿಸಿದರೆ ಮೋಸಹೋಗುವವರು ನಾವು. ಕೇಳುವ ಮೊದಲೇ ಯಾವ ಲೆಕ್ಕ ಎಂದು ಹೇಳಿದ ಒಬ್ಬ ಬಿಲ್ಡರ್ ನನಗೆ ಸಿಕ್ಕಿದ್ದರು. ಅವರ ಅಂಕಿ ಎಲ್ಲರಿಗಿಂತ ಕಡಿಮೆ ಇತ್ತು. ಎಂಜಿನ್ ಅವರಿಂದಲೇ ಕಟ್ಟಿಸಿದೆ.

ಮುಂಗಡದ ಬಗ್ಗೆಯೂ ಎರಡು ಮಾತು. ಹೊಸ ಬೋಟ್‌ಗೆ ಮುಂಗಡ ಕೊಟ್ಟು ಕಾಯುವಾಗ ನಾವು ಗಿರಾಕಿ ಅಂದುಕೊಂಡಿರುತ್ತೇವೆ, ನಿಜದಲ್ಲಿ ಸಾಲ ಕೊಟ್ಟವರು. 2009ರಲ್ಲಿ ಮಾರುಕಟ್ಟೆ ಬಿದ್ದಾಗ ಜೂನ್‌ನಲ್ಲಿ ಜೆನ್ಮಾರ್, ಆಗಸ್ಟ್‌ನಲ್ಲಿ ಫೌಂಟನ್, ಹೀಗೆ ಅಮೆರಿಕದ ದೊಡ್ಡ ಬೋಟ್ ಕಂಪನಿಗಳೇ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿದವು. ಯಾವ ಕಂಪನಿಗಾದರೂ ಅಂಥ ದಿನ ಬರಬಹುದು, ಆಗ ಬ್ಯಾಂಕುಗಳ ಹಿಂದೆ ನಾವು ಸಾಲಿನಲ್ಲಿ ನಿಲ್ಲಬೇಕು. ಅದಕ್ಕೆ ಹಣವನ್ನು ಕೆಲಸದ ಹಂತಕ್ಕೆ ಕಟ್ಟಿಹಾಕಿ. ಹಲ್ (ಬೋಟಿನ ಒಡಲು) ಅಚ್ಚಿನಿಂದ ಹೊರಬಂದಾಗ ಇಷ್ಟು, ಎಂಜಿನ್ ಕೂತಾಗ ಇಷ್ಟು, ನೀರಿನಲ್ಲಿ ಓಡಿಸಿ ನೋಡಿದ ಮೇಲೆ ಕೊನೆಯದು. ಹಲ್‌ಗೆ ಸಂಖ್ಯೆ ಬಿದ್ದ ಕೂಡಲೇ ಅದನ್ನು ರಸೀದಿಯಲ್ಲಿ ಬರೆಸಿಕೊಳ್ಳಿ.

ಆ ಸಂಖ್ಯೆ ಓದುವುದನ್ನೂ ಕಲಿಯಿರಿ. ಅಮೆರಿಕದಲ್ಲಿ ತಯಾರಾದ ಬೋಟ್‌ಗಳಿಗೆ ಹಿಂಭಾಗದ ಬಲಮೂಲೆಯಲ್ಲಿ 12 ಅಕ್ಷರ, ಅಂಕಿಗಳ ಗುರುತಿರುತ್ತದೆ. ಕೊನೆಯ ಎರಡು ಅಂಕಿ ಮಾಡೆಲ್ ವರ್ಷ, ಅದರ ಹಿಂದಿನ ಅಕ್ಷರ ಮತ್ತು ಅಂಕಿ ತಯಾರಾದ ತಿಂಗಳು, ವರ್ಷ. 1984ರ ಆಗಸ್ಟ್‌ನಿಂದ ಅದೇ ಸಂಖ್ಯೆಯನ್ನು ಕಣ್ಣಿಗೆ ಬೀಳದ ಜಾಗದಲ್ಲಿ ಇನ್ನೊಮ್ಮೆ ಹಾಕುತ್ತಾರೆ. ಹೊರಗಿನದನ್ನು ಕೆರೆದು ತಿದ್ದಿದರೂ ಒಳಗಿನದು ಹೇಳಿಬಿಡುತ್ತದೆ.

ಹೊಸ ಕೈ

ಒಳ್ಳೆಯ ಅನುಭವವನ್ನೂ ಹೇಳಬಹುದೇ? ನನಗೆ ಬೋಟ್ ಮಾರಲು ಒಪ್ಪದ ಡೀಲರ್ ಒಬ್ಬರಿದ್ದಾರೆ.

ಹಣ ಕೈಯಲ್ಲಿತ್ತು. ತಳದಲ್ಲಿ ಸ್ಟೆಪ್ (ಅಡ್ಡ ಮೆಟ್ಟಿಲು) ಇರುವ ವಿ ಆಕಾರದ ಹಲ್, ಎರಡು ದೊಡ್ಡ ಎಂಜಿನ್, ನೋಡಿದ ಕೂಡಲೇ ಮನಸ್ಸು ಸೋತಿತ್ತು. ಅದಕ್ಕೂ ಮುಂಚೆ ನಾನು ಗಂಟೆಗೆ 45 ಮೈಲಿ ದಾಟಿದವನಲ್ಲ. ಅವರು ಬೋಟನ್ನು ನೀರಿಗೆ ಇಳಿಸಿ ಪಕ್ಕದಲ್ಲಿ ನಿಂತರು. ನಾನು ತಿರುವಿಗೆ ಹೋಗುವಾಗ ಟ್ರಿಮ್ (ಡ್ರೈವ್‌ನ ಓರೆ) ಇಳಿಸದೆ, ಥ್ರಾಟಲ್ ಪೂರ್ತಿ ಹಿಂದಕ್ಕೆಳೆದು ಚಕ್ರ ತಿರುಗಿಸಿದೆ. ಹಿಂಭಾಗ ಒಂದು ಕ್ಷಣ ಹಿಡಿತ ಬಿಟ್ಟಿತು. ಅವರು ಕೈಚಾಚಿ ಥ್ರಾಟಲ್ ಸರಿಪಡಿಸಿದರು. ದಡಕ್ಕೆ ಬಂದ ಮೇಲೆ 'ಇವತ್ತು ಇದನ್ನು ನಿಮಗೆ ಮಾರುವುದಿಲ್ಲ. ಈ ಹಲ್‌ನ ಕೆಳಗೆ ಗಾಳಿ ಓಡಾಡುತ್ತದೆ. ತಿರುವಿನಲ್ಲಿ ಹೀಗೆ ಮಾಡಿದರೆ ತಿರುಗಿ ಎಲ್ಲರನ್ನೂ ಹೊರಗೆ ಎಸೆಯುತ್ತದೆ. ಚಾಲನೆ ಕಲಿಸುವವರ ಹತ್ತಿರ ಹೋಗಿ, ಚಿಕ್ಕದರಲ್ಲಿ ಒಂದು ಋತು ಕಳೆಯಿರಿ, ಆಮೇಲೆ ಬನ್ನಿ' ಅಂದರು.

ಸಿಟ್ಟು ಬಂದಿತ್ತು. ಬೇರೆ ಕಡೆ ಹೋಗಿದ್ದರೆ ಅವತ್ತೇ ಸಹಿ ಹಾಕಿಸಿಕೊಳ್ಳುತ್ತಿದ್ದರು. ಮನೆಗೆ ಬಂದು ಮಕ್ಕಳು ಆ ಹಿಂದಿನ ಸೀಟಿನಲ್ಲಿ ಕೂತಿರುವುದನ್ನು ಕಲ್ಪಿಸಿಕೊಂಡೆ. ಮುಂದಿನ ವರ್ಷ ಅವರ ಹತ್ತಿರವೇ ಹೋಗಿ ಕೊಂಡೆ. ಕೀಲಿ ಕೊಡುವಾಗ ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್‌ನ ಹಗ್ಗವನ್ನು ತಾವೇ ನನ್ನ ಲೈಫ್ ಜಾಕೆಟ್‌ಗೆ ಸಿಕ್ಕಿಸಿದರು.

ಅಲೆ ಸೀಳು

ಇದನ್ನು ಓದಿದ ಮೇಲೆ ನನ್ನ ಮೇಲಿನ ಮಾತು ಸ್ವಲ್ಪ ದುಡುಕಿನದು ಅನ್ನಿಸಿತು. ಆದರೂ ಒಂದು ಕೇಳಬೇಕು. ಕೆಟ್ಟವರ ಹೆಸರನ್ನು ಯಾರೂ ಹೇಳದಿದ್ದರೆ ಒಳ್ಳೆಯವರಿಗೆ ನ್ಯಾಯ ಹೇಗೆ?

ದಡದ ವರ್ಕ್‌ಶಾಪ್

ಹೇಳಿ, ಆದರೆ ಕಾಗದ ಕೈಯಲ್ಲಿಟ್ಟುಕೊಂಡು ಹೇಳಿ. ಬಿಲ್, ಫೋಟೋ, ಕಂಪ್ಯೂಟರ್ ಪ್ರಿಂಟ್, ಅವರು ಬರೆದ ಉತ್ತರ. ಅವರಿಗೆ ಸರಿಪಡಿಸಲು ಒಂದು ಅವಕಾಶ ಕೊಟ್ಟ ಮೇಲೆ ಹೇಳಿ. ಸರಿಪಡಿಸಿದರೆ ಅದನ್ನೂ ಅಷ್ಟೇ ದೊಡ್ಡ ದನಿಯಲ್ಲಿ ಹೇಳಿ. ನಮ್ಮ ಮೇಲೆ ಮರಳಿನ ಅಪವಾದ ಬಂದಾಗ ಒಬ್ಬರಾದರೂ ನಮ್ಮನ್ನು ಕೇಳಲು ಬರಲಿಲ್ಲ. ಎರಡು ಋತು ಕೆಲಸ ಕಡಿಮೆಯಾಗಿ ಒಬ್ಬ ಹುಡುಗನನ್ನು ಬಿಡಿಸಬೇಕಾಯಿತು.

ಜೋಡಿ ಎಂಜಿನ್

ಹದಿನೈದು ದಿನ ಆಯಿತು, ಎಲ್ಲರಿಗೂ ವರದಿ ಕೊಡಬೇಕು.

ಪ್ರಿಂಟ್ ಸಿಕ್ಕಿತು. ಹೆಚ್ಚಿನ ಗಂಟೆಗಳು 3000ರಿಂದ 4000ದ ನಡುವೆ. 5000ದ ಮೇಲೆ ಎಡಕ್ಕೆ 9 ಗಂಟೆ, ಬಲಕ್ಕೆ 8. ಲೀಕ್‌ಡೌನ್‌ನಲ್ಲಿ ಹದಿನಾರು ಸಿಲಿಂಡರ್‌ಗಳಲ್ಲಿ ಹದಿನೈದು 6ರಿಂದ 9 ಶೇಕಡಾ ಒಳಗೆ. ಎಡ ಎಂಜಿನ್‌ನ ಒಂದು 22, ಎಕ್ಸಾಸ್ಟ್‌ನಲ್ಲಿ ಸದ್ದು. ಹೆಡ್ ತೆಗೆದು ವಾಲ್ವ್ ಕೆಲಸ ಮಾಡಬೇಕು. ಗೇರ್ ಆಯಿಲ್ ಶುದ್ಧ, ನಾನೇ ಹತ್ತಿರ ನಿಂತು ನೋಡಿದೆ.

ಹಳೆಯ ಮಾಲೀಕರಿಗೆ ಬರೆದ ದಿನ ಸಂಜೆಯೇ ಉತ್ತರ ಬಂತು. ಡ್ಯಾಶ್‌ಬೋರ್ಡ್‌ಗೆ ಮಳೆನೀರು ಇಳಿದು ಎಲ್ಲ ಮೀಟರ್ ಬದಲಿಸಿದ್ದರಂತೆ. ರಸೀದಿಯ ಫೋಟೋ ಕಳಿಸಿದರು. ಅದರ ಅಂಚಿನಲ್ಲಿ ಅವರದೇ ಕೈಬರಹ: 'ಎಡ 241, ಬಲ 242.' ಬೋಟ್ ಮಾರಾಟಕ್ಕೆ ಇಟ್ಟಾಗ ಇದನ್ನು ಬ್ರೋಕರ್‌ಗೆ ಸಂದೇಶದಲ್ಲಿ ತಿಳಿಸಿದ್ದರು. ಆ ಸಂದೇಶವನ್ನೂ ಕಳಿಸಿದರು. 100 ಮೈಲಿ ಎಂದು ತಾವು ಎಂದೂ ಹೇಳಿಲ್ಲ, 80 ಚಿಲ್ಲರೆ ಅಂದಿದ್ದೆ ಎಂದು ಬರೆದಿದ್ದರು. ನಾನು ಮನಸ್ಸಿನಲ್ಲಿ ಮೂರು ವಾರ ಕಳ್ಳ ಅಂದುಕೊಂಡಿದ್ದ ಮನುಷ್ಯ ಇವರು. ಅವರಿಗೆ ಕ್ಷಮೆ ಕೇಳಿ ಬರೆದೆ.

ಆ ಸಂದೇಶ, ರಸೀದಿ, ಪ್ರಿಂಟ್ ಮೂರನ್ನೂ ಬ್ರೋಕರ್‌ಗೆ ಕಳಿಸಿ, ಹಿಂದೆ ಬ್ರೋಕರ್ ಅವರು ಹೇಳಿದ ಒಂದೇ ಪ್ರಶ್ನೆ ಕೇಳಿದೆ. ಎರಡು ದಿನ ಸದ್ದಿಲ್ಲ. ಮೂರನೆಯ ದಿನ ಬರೆದರು: ಗೊತ್ತಿತ್ತು, ಹೇಳಬೇಕಿತ್ತು, ವ್ಯಾಪಾರ ಕೈತಪ್ಪುತ್ತದೆಂದು ಹೇಳಲಿಲ್ಲ. ವಾಲ್ವ್ ಕೆಲಸದ ಪೂರ್ತಿ ಬಿಲ್ ತಾವು ಕಟ್ಟುವುದಾಗಿ ಒಪ್ಪಿ, ವರ್ಕ್‌ಶಾಪ್‌ಗೆ ನೇರವಾಗಿ ಕಟ್ಟಿದ್ದಾರೆ. ಇನ್ನೊಮ್ಮೆ ಅವರ ಮೂಲಕ ಕೊಳ್ಳುತ್ತೇನೆಯೇ ಎಂದು ಕೇಳಿದರೆ, ಇಲ್ಲ. ಹೆಸರು ಹಾಕುತ್ತೇನೆಯೇ ಎಂದರೆ, ಅದೂ ಇಲ್ಲ. ಒಪ್ಪಿಕೊಂಡು ಬರೆಯುವುದು ಅವರಿಗೆ ಸುಲಭವಾಗಿರಲಿಲ್ಲ ಎಂದು ಆ ಎರಡು ದಿನದ ಮೌನದಲ್ಲೇ ನನಗೆ ಗೊತ್ತಾಯಿತು.

ಹೆಡ್ ನಾಳೆ ವಾಪಸ್ ಕೂರುತ್ತದೆ. ಇವತ್ತು ಎರಡು ಚಿಕ್ಕ ಪಟ್ಟಿ ಕೆತ್ತಿಸಿ ತಂದು ಗಂಟೆ ಮೀಟರ್‌ಗಳ ಕೆಳಗೆ ಸ್ಕ್ರೂ ಹಾಕಿ ಕೂರಿಸಿದೆ. ಎಡಕ್ಕೆ 'ಇದಕ್ಕೆ 241 ಸೇರಿಸಿ', ಬಲಕ್ಕೆ 'ಇದಕ್ಕೆ 242 ಸೇರಿಸಿ'. ಅಂಟಿಸಿದರೆ ಕಿತ್ತುಹೋಗುತ್ತದೆ ಎಂದು ಸ್ಕ್ರೂ.